ಊರಲ್ಲಿಲ್ಲದವರ ಮತ

ಕುದೇರಿಗೆ ಹತ್ತಿರದ ಸಂತೇಮರಹಳ್ಳಿಯ ಹೆಸರು ಭಾರತದ ಚುನಾವಣೆಗಳ ಚರಿತ್ರೆಯಲ್ಲಿ ಒಂದು ವಿಶೇಷ ಕಾರಣದಿಂದ ಉಳಿದಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಈ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ತೀರ್ಪು ಕೊಟ್ಟದ್ದು ಒಂದೇ ಒಂದು ಮತ. ಸೋತ ಅಭ್ಯರ್ಥಿಯ ಕಾರಿನ ಚಾಲಕನು ಅಂದು ಕೆಲಸದ ಮೇಲಿದ್ದುದರಿಂದ ಮತ ಹಾಕಲಾಗಲಿಲ್ಲವೆಂದು ಪತ್ರಿಕೆಗಳು ಬರೆದವು. 2008ರ ಚುನಾವಣೆಯ ವೇಳೆಗೆ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಅದು ಎತ್ತಿದ ಪ್ರಶ್ನೆ ಮಾತ್ರ ಇಲ್ಲವಾಗಲಿಲ್ಲ. ದುಡಿಮೆಯೋ ಕರ್ತವ್ಯವೋ ಮುಪ್ಪೋ ಒಬ್ಬನನ್ನು ಮತಗಟ್ಟೆಯಿಂದ ದೂರವಿರಿಸಿದರೆ ಅವನ ಮತದ ಗತಿಯೇನು?

ಈ ಪ್ರಶ್ನೆಗೆ ರಾಜ್ಯಗಳು ಕಿವಿಗೊಟ್ಟದ್ದು ಮೊದಲು ಸೈನಿಕನ ಸಲುವಾಗಿ. ಅಮೆರಿಕದ ಅಂತರ್ಯುದ್ಧದ ನಡುವೆ, 1864ರಲ್ಲಿ, ಅನೇಕ ರಾಜ್ಯಗಳ ಯೋಧರು ರಣಭೂಮಿಯ ಶಿಬಿರಗಳಿಂದಲೇ ಮತ ನೀಡಿದರು. ಬ್ರಿಟನ್ನಿನಲ್ಲಿ 1918ರ ಕಾನೂನು ದೂರದ ಯೋಧರಿಗೆ ಅಂಚೆಯ ಮೂಲಕವೂ ಬದಲಿ ವ್ಯಕ್ತಿಯ ಮೂಲಕವೂ ಮತದಾನದ ಅವಕಾಶ ಕೊಟ್ಟಿತು. ನಮ್ಮಲ್ಲಿಯೂ 1950 ಮತ್ತು 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಗಳ ಜಾಡು ಅದೇ. ಸೇನೆಯಲ್ಲಿರುವವರು, ಹೊರರಾಜ್ಯದಲ್ಲಿ ಕೆಲಸ ಮಾಡುವ ಸಶಸ್ತ್ರ ಪೊಲೀಸರು, ವಿದೇಶದಲ್ಲಿರುವ ಭಾರತ ಸರ್ಕಾರದ ನೌಕರರು ‘ಸೇವಾ ಮತದಾರ’ರೆನಿಸಿದರು. ಸೈನಿಕನ ಜೊತೆಗಿರುವ ಹೆಂಡತಿಗೂ ಈ ಸೌಲಭ್ಯವುಂಟಾಯಿತು. ಆದರೆ ಸೇನೆಯಲ್ಲಿರುವ ಮಹಿಳೆಯ ಗಂಡನಿಗೆ ಅದು ದೊರೆಯಲು 2021ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಮುಂಜಾಗ್ರತಾ ಬಂಧನದಲ್ಲಿರುವವರಿಗೂ ಅಂಚೆ ಮತವುಂಟು. ಸೆರೆಮನೆಯಲ್ಲಿರುವ ಉಳಿದವರಿಗೆ ಮತವೇ ಇಲ್ಲ.

ಅಂಚೆ ಮತದ ಕ್ರಮ ಸರಳವಾದರೂ ಜಾಣತನದ್ದು. ಗುರುತು ಹಾಕಿದ ಮತಪತ್ರವನ್ನು ಒಳಲಕೋಟೆಯಲ್ಲಿಟ್ಟು ಅಂಟಿಸಬೇಕು. ಅಧಿಕಾರಿಯ ಮುಂದೆ ಸಹಿ ಮಾಡಿ ದೃಢೀಕರಿಸಿದ ಘೋಷಣೆಯೊಡನೆ ಅದನ್ನು ಹೊರಲಕೋಟೆಗೆ ಸೇರಿಸಿ ಚುನಾವಣಾಧಿಕಾರಿಗೆ ಕಳುಹಿಸಬೇಕು. ಅಂಚೆಚೀಟಿ ಬೇಡ. ಎಣಿಕೆಯ ದಿನ ಮೊದಲು ಘೋಷಣೆಯನ್ನು ಪರೀಕ್ಷಿಸುತ್ತಾರೆ. ಅದು ಸರಿಯಿದ್ದರೆ ಮಾತ್ರ ಒಳಲಕೋಟೆಯನ್ನು ತೆರೆಯುತ್ತಾರೆ. ಮತ ಹಾಕಿದವನು ಯಾರೆಂಬುದು ಒಂದು ಕಾಗದದಲ್ಲಿ, ಯಾರಿಗೆ ಹಾಕಿದನೆಂಬುದು ಇನ್ನೊಂದರಲ್ಲಿ. ಎಣಿಕೆಗೆ ಗೊತ್ತುಪಡಿಸಿದ ಗಳಿಗೆ ದಾಟಿ ಬಂದ ಲಕೋಟೆಗೆ ಬೆಲೆಯಿಲ್ಲ. ಸಕಾಲಕ್ಕೆ ತಲಪದ ಲಕೋಟೆಯೇ ಈ ಪದ್ಧತಿಯ ದೊಡ್ಡ ತೊಡಕು. ಇದರ ಪರಿಹಾರಕ್ಕೆಂದೇ 2016ರಲ್ಲಿ ನಿಯಮವನ್ನು ತಿದ್ದಿ, ಸೇವಾ ಮತದಾರರಿಗೆ ಖಾಲಿ ಮತಪತ್ರವನ್ನು ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸುವ ಏರ್ಪಾಡು ಮಾಡಲಾಯಿತು. ತುಂಬಿದ ಮತಪತ್ರ ಮಾತ್ರ ಇಂದಿಗೂ ಅಂಚೆಯಲ್ಲೇ ಮರಳಬೇಕು.

ಸೈನಿಕನ ತರುವಾಯ ನೆನೆಯಬೇಕಾದವರು ಚುನಾವಣೆಯನ್ನು ನಡೆಸಿಕೊಡುವವರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನ್ನಂಥವರನ್ನೂ ಮತಗಟ್ಟೆಯ ಅಧ್ಯಕ್ಷಾಧಿಕಾರಿಗಳಾಗಿ ಪರಸ್ಥಳಕ್ಕೆ ಕಳುಹಿಸುತ್ತಿದ್ದರು. ನೂರಾರು ಜನರ ಬೆರಳಿಗೆ ಶಾಯಿ ಹಚ್ಚಿಸುವವನ ಬೆರಳು ಬರಿದಾಗಿ ಉಳಿಯಬಾರದಷ್ಟೆ! ಇಂಥವರಿಗಾಗಿ ಅಂಚೆ ಮತವೂ, ಸ್ವಕ್ಷೇತ್ರದಲ್ಲಿಯೇ ಕೆಲಸವಿದ್ದರೆ ಆ ಮತಗಟ್ಟೆಯಲ್ಲೇ ಮತ ಹಾಕಲು ಕರ್ತವ್ಯ ಪ್ರಮಾಣಪತ್ರವೂ ಉಂಟು.

ಹಿಮಾಚಲ ಪ್ರದೇಶದ ಕಿನ್ನೌರಿನ ಉಪಾಧ್ಯಾಯರಾಗಿದ್ದ ಶ್ಯಾಮ್ ಸರನ್ ನೇಗಿಯವರ ಬಾಳಿನಲ್ಲಿ ಈ ಚರಿತ್ರೆಯ ಎರಡು ತುದಿಗಳೂ ಕೂಡಿವೆ. ದೇಶದ ಬಹುಭಾಗ 1952ರ ಆರಂಭದಲ್ಲಿ ಮತ ನೀಡಿದರೆ, ಹಿಮ ಬೀಳುವ ಮುನ್ನವೇ ಮುಗಿಯಲೆಂದು ಕಿನ್ನೌರಿನಲ್ಲಿ 1951ರ ಅಕ್ಟೋಬರ್ 25ರಂದೇ ಮತದಾನ ನಡೆಯಿತು. ತಮಗೂ ಚುನಾವಣಾ ಕೆಲಸವಿದ್ದುದರಿಂದ ಬೆಳಗ್ಗೆಯೇ ಹೋಗಿ ಮತ ಹಾಕಿದೆನೆಂದು ನೇಗಿಯವರು ಹೇಳುತ್ತಿದ್ದರು. ಸ್ವತಂತ್ರ ಭಾರತದ ಮೊದಲ ಮತದಾರರೆಂದು ಖ್ಯಾತರಾದ ಅವರು ತಮ್ಮ ಕೊನೆಯ ಮತವನ್ನು 2022ರ ನವೆಂಬರ್ 2ರಂದು ಮನೆಯಲ್ಲಿಯೇ ಅಂಚೆ ಮತಪತ್ರದಲ್ಲಿ ನೀಡಿ, ಮೂರನೆಯ ದಿನ ತೀರಿಕೊಂಡರು.

ಮುದುಕರ ಮನೆಬಾಗಿಲಿಗೆ ಮತಪತ್ರ ಬರುವಂತಾದದ್ದು 2019ರ ನಿಯಮದಿಂದ. ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯಲ್ಲಿಯೂ ಇದು ಜಾರಿಯಲ್ಲಿತ್ತು. ಆಗ ಎಂಬತ್ತು ದಾಟಿದವರಿಗೆ ಇದ್ದ ಈ ಅವಕಾಶ 2024ರಿಂದ ಎಂಬತ್ತೈದು ದಾಟಿದವರಿಗೆ ಸೀಮಿತವಾಗಿದೆ. ಶೇಕಡಾ 40ಕ್ಕೆ ಕಡಮೆಯಿಲ್ಲದ ಅಂಗವಿಕಲತೆಯುಳ್ಳವರಿಗೂ ಉಂಟು. ಮನೆಯಲ್ಲಿ ಹಿರಿಯರಿರುವ ಕೇಳುಗರು ಇದನ್ನು ಗಮನಿಸಬೇಕು. ಅಧಿಸೂಚನೆ ಹೊರಟ ಐದು ದಿನಗಳೊಳಗೆ ‘12-ಡಿ’ ನಮೂನೆಯನ್ನು ತುಂಬಿ ಕೊಡಬೇಕು. ಮತಗಟ್ಟೆ ಮಟ್ಟದ ಅಧಿಕಾರಿಯೇ ಮನೆಗೆ ಬಂದು ನಮೂನೆ ಕೊಡುತ್ತಾರೆ. ಬಳಿಕ ಮತಗಟ್ಟೆಯ ಸಿಬ್ಬಂದಿ ಮುಂದಾಗಿ ತಿಳಿಸಿ ಮನೆಗೆ ಬರುತ್ತಾರೆ. ಆಗ ಮತದಾರರು ಸಿಕ್ಕದಿದ್ದರೆ ಇನ್ನೊಮ್ಮೆ ಬರುತ್ತಾರೆ, ಮೂರನೆಯ ಸಲ ಇಲ್ಲ. ಒಮ್ಮೆ ಈ ದಾರಿ ಹಿಡಿದವರು ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ. ಮನೆಯೇ ಆದರೂ ಮತ ಗುಟ್ಟಿನದು. ಮಗನಾಗಲಿ ಸೊಸೆಯಾಗಲಿ ಇಣುಕಬಾರದು.

ಹೀಗೆ ಸೈನಿಕ, ಅಧಿಕಾರಿ, ವೃದ್ಧ ಎಲ್ಲರಿಗೂ ಒಂದೊಂದು ಬಾಗಿಲು ತೆರೆಯಿತು. ಸಂತೇಮರಹಳ್ಳಿಯ ಆ ಚಾಲಕನಂಥವರಿಗೆ? ಅವರಿಗೆ ಅಂಚೆ ಮತವಿಲ್ಲ. 1996ರಲ್ಲಿ ಸೇರಿಸಿದ ಒಂದು ವಿಧಿಯಂತೆ ಮತದಾನದ ದಿನ ಸಂಬಳಸಹಿತ ರಜೆ ಉಂಟು; ಕೊಡದ ಮಾಲೀಕನಿಗೆ ಐನೂರು ರೂಪಾಯಿವರೆಗೆ ದಂಡ. ಆದರೆ ಬೆಂಗಳೂರಿನ ಕಟ್ಟಡಗಳಿಗೂ ಕೊಡಗಿನ ಕಾಫಿತೋಟಗಳಿಗೂ ಕೂಲಿಗೆ ಹೋದವರಿಗೆ ರಜೆಯೊಂದೇ ಸಾಲದು. ಬಸ್ಸಿನ ಖರ್ಚೂ ಬೇಕು, ಹೋಗಿಬರುವಷ್ಟರಲ್ಲಿ ಕಳೆಯುವ ಕೂಲಿಯೂ ಬೇಕು. ಇದ್ದಲ್ಲಿಂದಲೇ ತವರು ಕ್ಷೇತ್ರಕ್ಕೆ ಮತ ಹಾಕಿಸುವ, 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಅನೇಕ ಪಕ್ಷಗಳು ಒಪ್ಪಲಿಲ್ಲ. ಗುಟ್ಟು ಕೆಡಬಹುದು, ಮೋಸವಾಗಬಹುದು ಎಂಬ ಶಂಕೆ ಅಲ್ಲಗಳೆಯುವಂಥದಲ್ಲ. ಆದರೆ ಗಡಿಯ ಯೋಧನ ವಿಷಯದಲ್ಲಿಯೂ ಇಂಥ ತೊಡಕುಗಳಿದ್ದವು. ಎರಡು ಲಕೋಟೆಗಳ ಉಪಾಯದಿಂದ ಅವನ್ನು ಬಿಡಿಸಿದ ದೇಶವಿದು. ಹೊಟ್ಟೆಪಾಡಿಗಾಗಿ ಊರು ಬಿಟ್ಟವನೂ ದೇಶವನ್ನು ಬಿಟ್ಟವನಲ್ಲವೆಂದು ಒಪ್ಪಿದರೆ, ಅವನಿಗೂ ಒಂದು ಉಪಾಯ ತೋರದಿರದು.