ಸಿಮ್ಯುಲೇಟರ್ ರಿಗ್‌ನ ಚಲನ ಅಕ್ಷಗಳ ಹೊಂದಾಣಿಕೆ

ಕಾರ್ ರೇಸಿಂಗ್ ಅಥವಾ ವಿಮಾನ ಹಾರಾಟದ ಸಿಮ್ಯುಲೇಟರ್‌ಗಾಗಿ ಮನೆಯಲ್ಲಿ ಕಟ್ಟಿಕೊಂಡ ಮೋಷನ್ ರಿಗ್‌ನ ಆಸನ ಯಾವ ಕಡೆಗೆ, ಎಷ್ಟು ದೂರ, ಎಷ್ಟು ಬೇಗ ಅಲುಗಬೇಕೆಂದು ಗೊತ್ತುಪಡಿಸುವ ಕೆಲಸ. ವಾಹನದ ಚಲನೆಗೆ ಆರು ಅಕ್ಷಗಳು: ಹಿಂದೆ ಮುಂದೆ ಸಾಗುವ ಸರ್ಜ್, ಅಡ್ಡಕ್ಕೆ ಸರಿಯುವ ಸ್ವೇ, ಮೇಲೆ ಕೆಳಗಾಗುವ ಹೀವ್, ಮೂತಿ ಏರಿಳಿಯುವ ಪಿಚ್, ಪಕ್ಕಕ್ಕೆ ವಾಲುವ ರೋಲ್, ದಿಕ್ಕು ಬದಲಿಸುವ ಯಾ. ನಾಲ್ಕು ಮೂಲೆಗಳಲ್ಲಿ ಆಕ್ಚುಯೇಟರ್‌ಗಳನ್ನು, ಅಂದರೆ ಉದ್ದ ಹಿಗ್ಗಿ ಕುಗ್ಗುವ ಕಾಲುಗಳನ್ನು, ನೆಟ್ಟಗೆ ನಿಲ್ಲಿಸಿದ ರಿಗ್ ಇವುಗಳಲ್ಲಿ ಹೀವ್, ಪಿಚ್, ರೋಲ್‌ಗಳನ್ನಷ್ಟೇ ಮಾಡಬಲ್ಲದು. ಆರೂ ಬೇಕೆಂದರೆ ಸಾಮಾನ್ಯವಾಗಿ ಆರು ಕಾಲಿನ ಸ್ಟೀವರ್ಟ್ ವೇದಿಕೆಯನ್ನು ಬಳಸುತ್ತಾರೆ. 1965ರಲ್ಲಿ ಡಿ. ಸ್ಟೀವರ್ಟ್ ಪ್ರಕಟಿಸಿದ ಪ್ರಬಂಧದಿಂದ ಅದಕ್ಕೆ ಆ ಹೆಸರು ಬಂತು. ಡನ್‌ಲಪ್ ಕಂಪನಿಯ ಎರಿಕ್ ಗಾಫ್ ಟೈರ್ ಪರೀಕ್ಷೆಗಾಗಿ ಅಂಥದೇ ಯಂತ್ರವನ್ನು ಅದಕ್ಕೂ ಮೊದಲೇ ಕಟ್ಟಿದ್ದರು.

ಫಾರ್ಮುಲಾ ಒನ್ ಕಾರಿಗೆ ಜೋರಾಗಿ ಬ್ರೇಕ್ ಹಾಕಿದರೆ ಚಾಲಕನ ಮೇಲೆ ಸುಮಾರು 5 ಜಿ ಬಲ ಬೀಳುತ್ತದೆ. ಅಷ್ಟು ಬಲವನ್ನು ಹುಟ್ಟಿಸಲು ಕೋಣೆಯಲ್ಲಿ ಜಾಗವಿಲ್ಲ. ಅದರ ಬದಲು ರಿಗ್ ಆಸನವನ್ನು ಮುಂದಕ್ಕೆ ಬಾಗಿಸಿ, ಭೂಮಿಯ ಸೆಳೆತದ ಒಂದು ಪಾಲನ್ನು ಎದೆಯ ಬೆಲ್ಟಿನ ಕಡೆಗೆ ತಿರುಗಿಸುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಚುಯೇಟರ್‌ಗಳ ನಡುವೆ 1 ಮೀಟರ್ ಅಂತರವಿದ್ದು, ಒಂದೊಂದೂ ಒಟ್ಟು 100 ಮಿ.ಮೀ. ಚಲಿಸುವುದಾದರೆ ಎರಡು ತುದಿಗಳ ನಡುವೆ ಸಿಗುವ ಗರಿಷ್ಠ ಬಾಗು 5.7 ಡಿಗ್ರಿ, ಬಲ ಸುಮಾರು 0.1 ಜಿ. ಬ್ರೇಕ್ ಯಾವಾಗ ಹಿಡಿಯಿತು, ಯಾವಾಗ ಬಿಟ್ಟಿತು ಎಂದು ಮೈಗೆ ಗೊತ್ತಾದರೆ ಈ ಅಲ್ಪ ಬಲವೇ ಸಾಕು.

ಸಾಕಾಗುವುದು ಒಳಕಿವಿಯ ಸ್ವಭಾವದಿಂದ. ವೇಗ ಕುಂದುವುದನ್ನೂ ಮೈ ಬಾಗುವುದನ್ನೂ ಅದು ತಾನಾಗಿಯೇ ಬೇರ್ಪಡಿಸಲಾರದು. ಸೆಕೆಂಡಿಗೆ ಸುಮಾರು 3 ಡಿಗ್ರಿಗಿಂತ ನಿಧಾನವಾಗಿ ತಿರುಗಿದರೆ ತಿರುಗುವಿಕೆಯೂ ಅದಕ್ಕೆ ಸರಿಯಾಗಿ ತಿಳಿಯದು. ಹಾಗಾಗಿ ದೊಡ್ಡ ವಿಮಾನ ಸಿಮ್ಯುಲೇಟರ್‌ಗಳು ಮೊದಲು ಚುರುಕಾದ ತಳ್ಳು ಕೊಟ್ಟು, ಆಮೇಲೆ ಅರಿವಾಗದಷ್ಟು ನಿಧಾನವಾಗಿ ಬಾಗಿಸಿ, ಅಷ್ಟೇ ನಿಧಾನವಾಗಿ ನಡುಸ್ಥಾನಕ್ಕೆ ಮರಳಿಸುತ್ತವೆ. ಈ ಮರಳಿಸುವಿಕೆಗೆ ವಾಷ್‌ಔಟ್ ಎನ್ನುತ್ತಾರೆ. ರೇಸಿಂಗ್‌ನಲ್ಲಿ ಬ್ರೇಕ್ ಅರೆಕ್ಷಣದ ವ್ಯವಹಾರವಾದ್ದರಿಂದ 3 ಡಿಗ್ರಿಯ ಮಿತಿಯನ್ನು ಮೀರದೆ ವಿಧಿಯಿಲ್ಲ, ಮೀರುವುದೇ ಸರಿ ಕೂಡ.

ಹೊಸಬರು ಹೆಚ್ಚಾಗಿ ಎಡವುವುದು ರೋಲ್‌ನಲ್ಲಿ. ಕಾರು ಎಡಕ್ಕೆ ತಿರುಗಿದಾಗ ಮೈ ಬಲಕ್ಕೆ ಎಳೆಯುತ್ತದೆ. ಆಸನ ಬಲಕ್ಕೆ ವಾಲಿದರೆ ಅನುಭವ ಹೊಂದುತ್ತದೆ. ವಿಮಾನದ ಮಾತು ಬೇರೆ. ಸಮತೋಲದ ತಿರುವಿನಲ್ಲಿ ವಿಮಾನ ಎಷ್ಟೇ ವಾಲಿದ್ದರೂ ಪೈಲಟ್‌ನ ಭಾರ ನೇರವಾಗಿ ಆಸನದೊಳಕ್ಕೇ ಇಳಿಯುತ್ತದೆ. 60 ಡಿಗ್ರಿ ವಾಲಿ ಎತ್ತರ ಕಾಯ್ದುಕೊಂಡು ತಿರುಗುವಾಗ ಆ ಭಾರ ಇಮ್ಮಡಿಯಾಗುತ್ತದೆ, ಪಕ್ಕಕ್ಕೆ ಮಾತ್ರ ಜಾರುವುದಿಲ್ಲ. ಪರದೆಯ ವಿಮಾನದೊಂದಿಗೆ ರಿಗ್ ಕೂಡ ವಾಲಿಕೊಂಡೇ ಇದ್ದರೆ ಕುಳಿತವರು ಪಕ್ಕಕ್ಕೆ ಜಾರುತ್ತಾರೆ, ಅನುಭವ ಸುಳ್ಳಾಗುತ್ತದೆ. ಆದ್ದರಿಂದ ಹಾರಾಟದ ಪ್ರೊಫೈಲ್‌ನಲ್ಲಿ ರೋಲ್ ಕೋನವನ್ನು ನೇರವಾಗಿ ಕೊಡಬಾರದು. ರೋಲ್ ಶುರುವಾದಾಗಿನ ಚಲನೆಯನ್ನಷ್ಟೇ ಕೊಟ್ಟು ವಾಷ್‌ಔಟ್‌ಗೆ ಬಿಡಬೇಕು. ಹಾಗೇ ಉಳಿಯುವ ವಾಲುವಿಕೆ ರಡರ್ ತಪ್ಪಿ ವಿಮಾನ ಅಡ್ಡ ಜಾರುವಾಗಿನ ಸ್ವೇಯಿಂದ ಮಾತ್ರ ಬರಬೇಕು.

ಸಿಮ್‌ಹಬ್, ಫ್ಲೈಪಿಟಿ ಮೂವರ್‌ನಂಥ ತಂತ್ರಾಂಶಗಳು ಆಟದಿಂದ ಟೆಲಿಮೆಟ್ರಿಯನ್ನು, ಅಂದರೆ ವಾಹನದ ಚಲನೆಯ ಅಂಕಿಗಳನ್ನು, ಪಡೆದು ಆಕ್ಚುಯೇಟರ್‌ಗೆ ಆಜ್ಞೆ ಕೊಡುತ್ತವೆ. ಒಂದೇ ಕಾರು, ಒಂದೇ ಟ್ರ್ಯಾಕ್ ಇಟ್ಟುಕೊಂಡು, ಡಿಕ್ಕಿಯ ಅಂಕಿಗಳನ್ನು ಬಿಟ್ಟು, ಪ್ರತಿ ಅಕ್ಷದ ಸಾಮಾನ್ಯ ಗರಿಷ್ಠವನ್ನು ಮೊದಲು ಗುರುತಿಸಬೇಕು. ಬಳಿಕ ಒಂದು ಅಕ್ಷವನ್ನಷ್ಟೇ ಚಾಲೂ ಇಟ್ಟು ದಿಕ್ಕು ಸರಿಯಿದೆಯೇ ಎಂದು ನೋಡಬೇಕು. ಎಲ್ಲ ಅಕ್ಷಗಳೂ ಅವೇ ಆಕ್ಚುಯೇಟರ್‌ಗಳ ಚಲನೆಯನ್ನು ಹಂಚಿಕೊಳ್ಳುತ್ತವೆ. ಪಿಚ್ ಮತ್ತು ರೋಲ್ ಅದನ್ನೆಲ್ಲ ನುಂಗಿದರೆ ರಸ್ತೆಯ ಉಬ್ಬುತಗ್ಗು ತಿಳಿಸುವ ಹೀವ್‌ಗೆ ಏನೂ ಉಳಿಯದು, ತುದಿ ಮುಟ್ಟಿದ ಆಕ್ಚುಯೇಟರ್ ತಟ್ಟನೆ ನಿಂತು ಇಲ್ಲದ ಹೊಡೆತವೊಂದನ್ನು ಕೊಡುತ್ತದೆ. ಆಜ್ಞೆಗಳನ್ನು ನಯಗೊಳಿಸುವ ಸ್ಮೂದಿಂಗ್ ಹೆಚ್ಚಿಸಿದರೆ ನಡುಕ ಅಡಗುತ್ತದೆ, ಆದರೆ ಆಸನ ಚಿತ್ರಕ್ಕಿಂತ ಹಿಂದೆ ಬೀಳುತ್ತದೆ. ಕಾರಿನ ಹಿಂಭಾಗ ಜಾರುವುದನ್ನು ಬೆನ್ನಿನಿಂದ ಹಿಡಿಯಬೇಕೆನ್ನುವವರಿಗೆ ಈ ತಡ ನಡುಕಕ್ಕಿಂತ ಕೆಟ್ಟದು.

ವಿಆರ್ ಹೆಡ್‌ಸೆಟ್ ಧರಿಸುವವರು ರಿಗ್‌ನ ಚಲನೆಯನ್ನು ತಲೆಯ ಚಲನೆಯಿಂದ ಕಳೆಯುವ ತಂತ್ರಾಂಶವನ್ನೂ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಆಸನ ಬಾಗಿದಾಗ ಕಾಕ್‌ಪಿಟ್‌ನ ಒಳಗೇ ತಲೆ ಸರಿದಂತೆ ಕಾಣುತ್ತದೆ. ತುರ್ತು ನಿಲುಗಡೆಯ ಗುಂಡಿ ಕುಳಿತಲ್ಲಿಂದಲೇ ಕೈಗೆಟುಕುವಂತಿರಬೇಕು. ರಿಗ್ ಕೆಳಗಿಳಿಯುವಾಗ ಮಕ್ಕಳು, ಸಾಕುಪ್ರಾಣಿಗಳು ಅದರಡಿ ಇರದಂತೆ ನೋಡಿಕೊಳ್ಳಬೇಕು.