ಹಳಿಯ ಕೆಳಗೆ ಮಲಗಿರುವ ಮರ



ರೈಲು ಹತ್ತುವ ನಾವು ಎಂಜಿನ್ ನೋಡುತ್ತೇವೆ, ಹಳಿಯನ್ನೂ ನೋಡುತ್ತೇವೆ. ಹಳಿಯ ಕೆಳಗೆ ಅಡ್ಡಲಾಗಿ ಮಲಗಿರುವ ಸ್ಲೀಪರ್ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎರಡು ಹಳಿಗಳ ಅಂತರ ಬದಲಾಗದಂತೆ ಹಿಡಿದು, ರೈಲಿನ ಭಾರವನ್ನು ಜಲ್ಲಿಗೆ ಹಂಚುವುದು ಅದೇ.

ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಮುಂಬಯಿಯಿಂದ ಠಾಣೆಗೆ ಓಡಿತು. ಸೊಲ್ಲಾಪುರದ ಕಡೆಯಿಂದ ಬಂದ ಮುಂಬಯಿ ಮಾರ್ಗವೂ ಆದವಾನಿಯ ಕಡೆಯಿಂದ ಬಂದ ಮದ್ರಾಸ್ ಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆಗ ಒಂದು ಮೈಲಿ ಹಳಿಗೆ 1,760ರಿಂದ 2,000 ಸ್ಲೀಪರ್ ಬೇಕಾಗುತ್ತಿತ್ತು. ಅವುಗಳಿಗಾಗಿ ತೇಗ, ಸಾಲ, ದೇವದಾರು ಮರಗಳು ಉರುಳಿದವು. ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದರು. ರೈಲ್ವೆಗಾಗಿ ಕಾಡು ಬರಿದಾಗುತ್ತಿರುವುದನ್ನು ಸರಕಾರದ ಗಮನಕ್ಕೆ ತಂದವರಲ್ಲಿ ಅವರೂ ಒಬ್ಬರು. 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. 1865 ಮತ್ತು 1878ರ ಕಾಯ್ದೆಗಳು ಮರವನ್ನು ಸರಕಾರದ ವಶಕ್ಕೆ ತಂದವು. ಸೌದೆಗೂ ಮೇವಿಗೂ ಕಾಡನ್ನೇ ನಂಬಿದ್ದ ಹಳ್ಳಿಗರು ಹೊರಗುಳಿದರು.

ಮರಕ್ಕೆ ಗೆದ್ದಲು, ಕೊಳೆತ ತಪ್ಪಿದ್ದಲ್ಲ. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್, ಕಲ್ಲಿದ್ದಲ ಟಾರಿನಿಂದ ಬರುವ ಕ್ರಿಯೊಸೋಟ್ ಎಣ್ಣೆಯನ್ನು ಒತ್ತಡದಿಂದ ಮರದೊಳಗೆ ಸೇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಸ್ಲೀಪರಿನ ಆಯುಷ್ಯ ಹೆಚ್ಚಿತು. ಆದರೆ ಆ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಹಳೆಯ ಸ್ಲೀಪರನ್ನು ಒಲೆಗೆ ಹಾಕುವಂತಿಲ್ಲ, ತೋಟದಲ್ಲಿ ಹೂಳುವಂತೆಯೂ ಇಲ್ಲ.

1990ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರೂ ಕೆಲವು ಕಂಪನಿಗಳೂ ಬೇರೆ ದಾರಿ ಹುಡುಕಿದರು. ಹಾಲು, ಸೋಪುನೀರು ತುಂಬಿ ಎಸೆದ ಡಬ್ಬಿಗಳ ಪಾಲಿಥೀನನ್ನು ತೊಳೆದು, ಚೂರು ಮಾಡಿ, ಕರಗಿಸಿ, ಅದಕ್ಕೆ ಗಾಜಿನ ನಾರು, ಟೈರಿನ ಪುಡಿ ಅಥವಾ ಮರದ ಪುಡಿ ಬೆರೆಸಿ ಅಚ್ಚಿಗೆ ತುಂಬುವುದು. ಹೇಳುವಷ್ಟು ಸುಲಭವಲ್ಲ. ಮರದ ಪುಡಿಯಲ್ಲಿ ತೇವ ಉಳಿದರೆ ಅದು ಆವಿಯಾಗಿ ಒಳಗೆ ಗುಳ್ಳೆ ಏಳುತ್ತದೆ. ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರವೇ ಸೀಯುತ್ತದೆ. ದಪ್ಪ ದಿಮ್ಮಿಯ ಹೊರಮೈ ಬೇಗ ತಣ್ಣಗಾಗಿ ಒಳಭಾಗ ನಿಧಾನವಾಗಿ ಕುಗ್ಗುವುದರಿಂದ ನಡುವೆ ಟೊಳ್ಳು ಉಳಿಯಬಹುದು. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿದರೆ ಹಳಿಗಳ ಅಂತರವೂ ಹಿಗ್ಗೀತು. ಅದಕ್ಕೇ ಕೊಲರಾಡೋದ ಪ್ಯೂಬ್ಲೋದಲ್ಲಿರುವ ಪರೀಕ್ಷಾ ಮಾರ್ಗದಲ್ಲಿ ಭಾರೀ ಸರಕು ರೈಲು ಓಡಿಸಿ ಇವುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು.

ಇಷ್ಟಾದರೂ ಅಮೆರಿಕದ ಹಳಿಗಳ ಕೆಳಗೆ ಇಂದಿಗೂ ಹೆಚ್ಚಾಗಿ ಇರುವುದು ಮರವೇ, ಏಕೆಂದರೆ ಅದು ಅಗ್ಗ. ನಮ್ಮ ದೇಶದಲ್ಲಿ ಮರದ ಜಾಗಕ್ಕೆ ಬಹುತೇಕ ಕಾಂಕ್ರೀಟ್ ಬಂದಿದೆ. ಪ್ಲಾಸ್ಟಿಕ್ ಮಿಶ್ರಣದ ಸ್ಲೀಪರಿಗೆ ಸಿಕ್ಕಿರುವುದು ಕಾಂಕ್ರೀಟಿನ ತೂಕ ಸಲ್ಲದ ಉಕ್ಕಿನ ಸೇತುವೆ, ಮರ ಬೇಗ ಕೊಳೆಯುವ ತೇವದ ನೆಲ, ಇಂಥ ಕಷ್ಟದ ಜಾಗಗಳು. ಬ್ರಿಟನ್ನಿನ ನೆಟ್ವರ್ಕ್ ರೈಲ್ 2021ರಲ್ಲಿ ಕ್ರಿಯೊಸೋಟ್ ಮರವನ್ನು ಕೈಬಿಟ್ಟು ಇದನ್ನು ಹಿಡಿಯಿತು.

ಈ ಇತಿಹಾಸದಿಂದ ನಾವು ಕಲಿಯುವುದೇನು? ಅಂದು ಪ್ರಯಾಣದ ಸುಖ ಒಬ್ಬರದಾಯಿತು, ಕಾಡು ಕಳೆದುಕೊಂಡವರು ಇನ್ನೊಬ್ಬರು. ಇಂದು ನಾವು ಎಸೆದ ಡಬ್ಬಿ ಸೇತುವೆಯ ಮೇಲೆ ರೈಲನ್ನು ಹೊರಬಲ್ಲದು. ಆದರೆ ಅದಕ್ಕೊಂದು ಷರತ್ತಿದೆ: ಹಲವು ಬಗೆಯ ಪ್ಲಾಸ್ಟಿಕ್ಕು, ಮಣ್ಣು, ಎಂಜಲು ಎಲ್ಲ ಸೇರಿದರೆ ದಿಮ್ಮಿ ಬಲ ಕಳೆದುಕೊಳ್ಳುತ್ತದೆ. ಬೇರ್ಪಡಿಸುವ ಆ ಮೊದಲ ಕೆಲಸ ಕಾರ್ಖಾನೆಯದಲ್ಲ. ನಮ್ಮ ಮನೆಯದು, ನಮ್ಮ ಹಬ್ಬದ ಊಟದ ಪಂಕ್ತಿಯದು.