ಕರಗುವ ಸರಕಿನ ವಾಣಿಜ್ಯ

ಕಡಲಾಚೆಯ ನಾಡಿಗೆ ಸರಕನ್ನು ಸಾಗಿಸಿದ ಮಾತ್ರಕ್ಕೆ ಅಲ್ಲಿ ವ್ಯಾಪಾರ ನೆಲೆಗೊಂಡಿತೆಂದು ಹೇಳಲಾಗದು. ಈ ಮಾತಿಗೆ ಅಮೆರಿಕದ ಮಂಜುಗಡ್ಡೆಯ ರಫ್ತಿಗಿಂತ ಉತ್ತಮವಾದ ನಿದರ್ಶನವನ್ನು ನಾವು ಕಾಣೆವು.

ಬಾಸ್ಟನ್ ನಗರದ ಸುತ್ತಲಿನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಆ ಗಡ್ಡೆಯನ್ನು ಕಡಿದು ಉಷ್ಣದೇಶಗಳಲ್ಲಿ ಮಾರಬೇಕೆಂಬ ಯೋಚನೆ ಫ್ರೆಡರಿಕ್ ಟ್ಯೂಡರ್ ಎಂಬ ತರುಣನಿಗೆ ಹೊಳೆಯಿತು. ಊರವರು ನಕ್ಕರು. ಇಂತಹ ಸರಕನ್ನು ಹೊರುವ ಹಡಗು ದೊರೆಯದಿರಲು ತಾನೇ ಒಂದನ್ನು ಕೊಂಡು, 1806ರಲ್ಲಿ ಸುಮಾರು 130 ಟನ್ ಗಡ್ಡೆಯೊಡನೆ ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪಕ್ಕೆ ಹೊರಟನು. ಪಯಣ ಮೂರು ವಾರಗಳದು. ಗಡ್ಡೆಯ ಬಹುಭಾಗ ಸುರಕ್ಷಿತವಾಗಿ ತಲಪಿತು. ಆದರೆ ಅದನ್ನಿಡಲು ಅಲ್ಲಿ ಉಗ್ರಾಣವಿರಲಿಲ್ಲ. ಕೊಂಡವರಿಗೆ ಕಾಪಾಡುವ ಬಗೆ ತಿಳಿಯದು: ಒಬ್ಬನು ನೀರಿನಲ್ಲಿಟ್ಟನು, ಮತ್ತೊಬ್ಬನು ಉಪ್ಪಿನಲ್ಲಿಟ್ಟನು. ಉಪ್ಪು ಸೋಕಿದ ಗಡ್ಡೆ ಬೇಗನೆ ಕರಗುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಸರಕು ನೀರಾಯಿತು, ಹಾಕಿದ ಹಣ ಮುಳುಗಿತು. ಮುಂದೆ ಸಾಲಕ್ಕಾಗಿ ಟ್ಯೂಡರನು ಸೆರೆಮನೆಯನ್ನೂ ಕಂಡನು.

ಆದರೂ ಆತನು ಉದ್ಯಮವನ್ನು ಬಿಡಲಿಲ್ಲ, ಕ್ರಮವನ್ನು ಬದಲಿಸಿದನು. 1816ರಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ ಹಿಮಗೃಹವೊಂದನ್ನು ಕಟ್ಟಿಸಿದನು. ಶಾಖವನ್ನು ತಡೆಯುವ ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಮರದ ಹೊಟ್ಟು ಬಹಳ ಉಪಯುಕ್ತವೆನಿಸಿತು. ತಣ್ಣನೆಯ ಪಾನೀಯದ ರುಚಿಯನ್ನು ಜನರಿಗೆ ಹತ್ತಿಸಿದನು. 1825ರಲ್ಲಿ ನ್ಯಾಥನಿಯಲ್ ವೈಯತ್ ಎಂಬಾತನು ಕುದುರೆ ಎಳೆಯುವ ನೇಗಿಲಿನಂತಹ ಸಾಧನದಿಂದ ಗಡ್ಡೆಯನ್ನು ಸಮಚೌಕವಾಗಿ ಕತ್ತರಿಸುವ ಉಪಾಯವನ್ನು ಕಂಡುಹಿಡಿದನು. ಸಂದಿಲ್ಲದಂತೆ ಜೋಡಿಸಿದ ಗಡ್ಡೆಗಳು ಕಡಿಮೆ ಕರಗಿದವು.

1833ರಲ್ಲಿ 'ಟಸ್ಕನಿ' ಎಂಬ ಹಡಗು 180 ಟನ್ ಗಡ್ಡೆಯನ್ನು ಹೊತ್ತು, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ಸುಮಾರು ನಾಲ್ಕು ತಿಂಗಳ ತರುವಾಯ ಕಲ್ಕತ್ತೆಗೆ ಬಂದಿತು. ಸುಮಾರು 100 ಟನ್ ಉಳಿದಿತ್ತು. ಕಲ್ಕತ್ತೆಗೆ ಗಡ್ಡೆ ಹೊಸತಲ್ಲ. ಹೂಗ್ಲಿಯ ಬಳಿ ಚಳಿಗಾಲದ ರಾತ್ರಿಗಳಲ್ಲಿ ಮಣ್ಣಿನ ತಟ್ಟೆಗಳಲ್ಲಿ ನೀರನ್ನಿಟ್ಟು ತೆಳುವಾದ ಹಿಮವನ್ನು ಪಡೆಯುವ ಪದ್ಧತಿ ಮೊದಲೇ ಇತ್ತು. ತಂಪಿನ ಬೆಲೆಯನ್ನರಿತ ಊರಿಗೆ ನಿರ್ಮಲವಾದ ಗಡ್ಡೆ ಬಂದುದರಿಂದ ಸ್ವಾಗತ ದೊರೆಯಿತು. ಅಧಿಕಾರಿಗಳು ಸುಂಕವನ್ನು ಬಿಟ್ಟರು. ಐರೋಪ್ಯ ನಿವಾಸಿಗಳು ಚಂದಾ ಕೂಡಿಸಿ ಹಿಮಗೃಹಕ್ಕೆ ನೆರವಾದರು. ಮೂರು ವಾರದ ಪಯಣದ ಕೊನೆಯಲ್ಲಿ ಸೋತ ಸರಕು ನಾಲ್ಕು ತಿಂಗಳ ಪಯಣದ ಕೊನೆಯಲ್ಲಿ ಗೆದ್ದಿತು. ಸಮುದ್ರ ಬದಲಾಗಿರಲಿಲ್ಲ, ದಡದ ಸಿದ್ಧತೆ ಬದಲಾಗಿತ್ತು.

ಆದರೆ ಆ ತಂಪು ಬಿಳಿಯರ ಮತ್ತು ಸಿರಿವಂತರ ಮನೆಗಳನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲವೆಂಬುದನ್ನೂ ಇತಿಹಾಸ ಮರೆಯಬಾರದು. 1878ರಲ್ಲಿ ಬೆಂಗಾಲ್ ಐಸ್ ಕಂಪೆನಿ ಸ್ಥಾಪನೆಯಾಗಿ, ಯಂತ್ರಗಳು ಇಲ್ಲಿಯೇ ಗಡ್ಡೆಯನ್ನು ತಯಾರಿಸತೊಡಗಿದ ಮೇಲೆ ಅಮೆರಿಕದ ಸರಕಿಗೆ ಗಿರಾಕಿಗಳಿಲ್ಲವಾದರು.

ತಾಳವಾಡಿ, ಹೊಸೂರುಗಳ ನಮ್ಮ ವಿದ್ಯಾರ್ಥಿಗಳು ಚೆನ್ನೈಗೆ ಹೋದಾಗ ಮೆರೀನಾ ತೀರದ ದುಂಡನೆಯ 'ಐಸ್ ಹೌಸ್' ಕಟ್ಟಡವನ್ನು ನೋಡಲಿ. ಟ್ಯೂಡರನ ಗಡ್ಡೆಗೆಂದು ಕಟ್ಟಿದ ಆ ಮನೆಯಲ್ಲಿ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಇಂದು ಅದು ಅವರ ಸ್ಮಾರಕ. ಸರಕು ಕರಗಿ ಹೋಯಿತು. ಅದಕ್ಕೆಂದು ಕಟ್ಟಿದ ಗೋಡೆಗಳು ನಿಂತಿವೆ.